ಘಟ್ಟ ಹತ್ತಲು ಸ್ವಿಫ್ಟೋ, ಫಿಗೊವೋ?

ಹಳೆಯ ಗಾಡಿ ಕೊಳ್ಳುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ಉತ್ತರ ಕನ್ನಡದವೇ ಹೆಚ್ಚು. ಮೊದಲನೆಯದಕ್ಕೆ ತುಸು ದೀರ್ಘವಾಗಿಯೇ ಉತ್ತರಿಸಿದ್ದೇವೆ. ಘಟ್ಟದ ಮೇಲಿನವರು, ಕೆಳಗಿನವರು ಇಬ್ಬರೂ ಪದೇ ಪದೇ ಕೇಳುವ ವಿಷಯ ಅದು.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹುಲೇಕಲ್ ಕಡೆ. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರಬೇಕು. ಹೆಚ್ಚಾಗಿ ನಾಲ್ಕು ಜನ, ಜೊತೆಗೆ ಡಿಕ್ಕಿ ತುಂಬ ಸಾಮಾನು. ಎರಡು ಡೀಸೆಲ್ ಗಾಡಿ ನೋಡಿಟ್ಟಿದ್ದೇವೆ: 2012ರ ಸ್ವಿಫ್ಟ್ ವಿಡಿಐ ಮತ್ತು ಅದೇ ವರ್ಷದ ಫೋರ್ಡ್ ಫಿಗೊ 1.4. ಸ್ವಿಫ್ಟ್‌ಗೆ ರೇಟು ಜಾಸ್ತಿ ಹೇಳುತ್ತಿದ್ದಾರೆ. ಗೆಳೆಯರೆಲ್ಲ ‘ಸ್ವಿಫ್ಟ್ ಪಿಕಪ್ಪೇ ಬೇರೆ’ ಅನ್ನುತ್ತಾರೆ. ಘಟ್ಟದಲ್ಲಿ ಯಾವುದು ಚೆನ್ನಾಗಿ ಎಳೆಯುತ್ತದೆ, ಯಾವುದು ಚೆನ್ನಾಗಿ ತಿರುಗುತ್ತದೆ?

ಉತ್ತರ: ಅಂಕಿ ನೋಡಿದರೆ ನಿಮ್ಮ ಗೆಳೆಯರ ಮಾತು ಸರಿ. ಸ್ವಿಫ್ಟ್‌ನ 1,248 ಸಿಸಿ ಎಂಜಿನ್ 75 ಪಿಎಸ್ ಶಕ್ತಿ, 190 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡುತ್ತದೆ. ಫಿಗೊದ 1,399 ಸಿಸಿ ಎಂಜಿನ್ ಕೊಡುವುದು 69 ಪಿಎಸ್, 160 ಎನ್‌ಎಂ. ಅದರ ಮೇಲೆ ಫಿಗೊ ಮೈಭಾರದಲ್ಲೂ ತುಸು ಹೆಚ್ಚು. ಕುಮಟಾದಿಂದ ಅಂಕೋಲಾ ಕಡೆ ಹೆದ್ದಾರಿ 66ರಲ್ಲಿ ಲಾರಿ ಹಿಂದಿಕ್ಕುವಾಗ ಸ್ವಿಫ್ಟ್ ಎದ್ದು ಹೋಗುವುದು ಕೂತವರಿಗೇ ಗೊತ್ತಾಗುತ್ತದೆ. ಫಿಗೊಗೆ ಆ ಓಟ ಇಲ್ಲ.

ಆದರೆ ಆ 190 ಸಿಗುವುದು 2,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಹೊತ್ತಿಗೆ. ದೇವಿಮನೆ ಘಟ್ಟದ ದಾರಿಯ ರಾಗಿಹೊಸಳ್ಳಿ, ಕತಗಾಲ ನಡುವಿನ ತಿರುವುಗಳಲ್ಲಿ ಎಂಜಿನ್ ಎಲ್ಲಿರುತ್ತದೆ ನೋಡಿ. ಎದುರಿಗೆ ಬಸ್ಸು ಬಂದು ನೀವು ಎರಡನೇ ಗೇರಿನಲ್ಲಿ 15ರಿಂದ 20 ಕಿ.ಮೀ. ವೇಗಕ್ಕೆ ಇಳಿದರೆ ಆರ್‌ಪಿಎಂ ಮುಳ್ಳು ಸಾವಿರದಿಂದ ಸಾವಿರದ ಮುನ್ನೂರರ ಆಸುಪಾಸಿಗೆ ಬಂದಿರುತ್ತದೆ. ಅಲ್ಲಿ ಸ್ವಿಫ್ಟ್‌ನ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇನ್ನೂ ಎದ್ದಿರುವುದಿಲ್ಲ. ಆಕ್ಸಿಲರೇಟರ್ ಒತ್ತಿದರೂ ಗಾಡಿ ‘ಊಂ’ ಅನ್ನುತ್ತದೆ, ಮುಂದೆ ಹೋಗುವುದಿಲ್ಲ. 1,800 ದಾಟಿದ ಕೂಡಲೇ ಒಮ್ಮೆಲೇ ಜಿಗಿಯುತ್ತದೆ. ನಾಲ್ಕು ಜನ ಕೂತಾಗ ಇದರಿಂದ ಬಿಡಿಸಿಕೊಳ್ಳಲು ಇರುವ ದಾರಿ ಒಂದೇ, ತಿರುವಿಗೆ ಮುಂಚೆಯೇ ಒಂದನೇ ಗೇರು ಹಾಕುವುದು. ಅದಾಗದವರು ಕ್ಲಚ್ ಅರ್ಧ ಒತ್ತಿ ರೇಸ್ ಕೊಡುತ್ತಾರೆ. ಘಟ್ಟದ ಸ್ವಿಫ್ಟ್ ಡೀಸೆಲ್‌ಗಳಲ್ಲಿ ಕ್ಲಚ್ ಬೇಗ ಸವೆಯುವುದಕ್ಕೆ ಈ ಅಭ್ಯಾಸವೇ ಕಾರಣ.

ಫಿಗೊದ್ದು ಸಿಲಿಂಡರಿಗೆ ಎರಡೇ ವಾಲ್ವಿನ ಸರಳ ಎಂಜಿನ್. ಮೇಲಿನ ಓಟ ಕಡಿಮೆ, ಕೆಳಗಿನ ಎಳೆತ ಸಮ. ಸಾವಿರದ ಐನೂರು ಇದ್ದರೆ ಸಾಕು, ಎರಡನೇ ಗೇರಿನಲ್ಲೇ ಗೊಣಗದೆ ಏಳುತ್ತದೆ. ನೀವು ಹೇಳಿದ ದಾರಿ, ನೀವು ಹೇಳಿದ ಭಾರ ಎರಡಕ್ಕೂ ನಮ್ಮ ಮತ ಫಿಗೊಗೇ. ವಾರಕ್ಕೆರಡು ಸಲ ಕಾರವಾರ, ಮಂಗಳೂರು ಅಂತ ಕರಾವಳಿ ಹೆದ್ದಾರಿಯಲ್ಲೇ ಓಡುವುದಿದ್ದರೆ ಸ್ವಿಫ್ಟ್ ಅನ್ನುತ್ತಿದ್ದೆವು.

ತಿರುಗುವ ವಿಷಯಕ್ಕೆ ಬಂದರೆ, ಇಲ್ಲಿ ಗಾಡಿಗಿಂತ ಮೊದಲು ಟೈರು ಹೋಲಿಸಬೇಕು. ವಿಡಿಐಗೆ ಕಂಪನಿ ಕೊಟ್ಟದ್ದು 165/80 ಆರ್14. ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 80, ಅಂದರೆ 132 ಮಿ.ಮೀ. ಫಿಗೊದ್ದು 175/65 ಆರ್14. ಗೋಡೆ ಸುಮಾರು 114 ಮಿ.ಮೀ. ಮಾತ್ರ. ಕಿರಿದಾದ, ಎತ್ತರ ಗೋಡೆಯ ಟೈರು ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಬೇಗ ಕಿರ್ರೆನ್ನುತ್ತದೆ. ಹಾಗಾಗಿ ವಿಡಿಐ ಓಡಿಸಿ ‘ಸ್ವಿಫ್ಟ್ ತೇಲುತ್ತದೆ’ ಅನ್ನುವವರು ಅರ್ಧ ಪಾಲು ಟೈರನ್ನೇ ದೂರುತ್ತಿರುತ್ತಾರೆ. ಅದೇ ರಿಮ್ಮಿಗೆ 185/70 ಆರ್14 ಹಾಕಿದರೆ ವ್ಯಾಸದಲ್ಲಿ ಐದು ಮಿ.ಮೀ. ಮಾತ್ರ ವ್ಯತ್ಯಾಸ, ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ, ಹಿಡಿತ ಒಳ್ಳೆಯದಾಗುತ್ತದೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಸ್ಟೀರಿಂಗ್ ತುಸು ಭಾರ ಅನ್ನಿಸುತ್ತದೆ.

ಟೈರು ಸಮ ಮಾಡಿದ ಮೇಲೂ ಫಿಗೊಗೆ ಒಂದು ಕೈ ಮೇಲು. ಅದರದು ಆಯಿಲ್ ಒತ್ತಡದ ಪವರ್ ಸ್ಟೀರಿಂಗ್, ಮುಂದಿನ ಚಕ್ರ ಜಾರುವುದಕ್ಕೆ ಮುಂಚೆ ಕೈಗೆ ಸುದ್ದಿ ಕೊಡುತ್ತದೆ. ಸ್ವಿಫ್ಟ್‌ನದು ಮೋಟಾರಿನದು. ಪೇಟೆಯಲ್ಲಿ ಹಗುರ, ಮಳೆಗಾಲದ ಕೆಂಪು ಕೆಸರಿನ ತಿರುವಿನಲ್ಲಿ ಮೌನ. ಫಿಗೊದ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,489 ಮಿ.ಮೀ., ಸ್ವಿಫ್ಟ್‌ನದು 2,430. ಆ ಉದ್ದದಿಂದಾಗಿ ಉಬ್ಬು ತಗ್ಗಿನಲ್ಲಿ ಫಿಗೊ ಕಡಿಮೆ ತೊನೆಯುತ್ತದೆ. ಡಿಕ್ಕಿಯಂತೂ ಫಿಗೊದ್ದು 284 ಲೀಟರು, ಸ್ವಿಫ್ಟ್‌ನದು 204. ನಿಮ್ಮ ಸಾಮಾನಿಗೆ ಇದೊಂದೇ ಸಾಕೇನೋ. ತಳದ ಎತ್ತರದಲ್ಲಿ ಫಿಗೊ 168 ಮಿ.ಮೀ., ಸ್ವಿಫ್ಟ್ 170 ಎಂಬ ಅಂತರ ಲೆಕ್ಕಕ್ಕಿಲ್ಲ.

ಇನ್ನು ಫಿಗೊ ಅಗ್ಗ ಏಕೆ? ಫೋರ್ಡ್ ಭಾರತದಲ್ಲಿ ಗಾಡಿ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿದ ಮೇಲೆ ಹಳೆಯ ಫೋರ್ಡ್‌ಗಳ ರೇಟು ಬಿತ್ತು. ಬ್ರೇಕ್ ಪ್ಯಾಡ್, ಬುಷ್, ಫಿಲ್ಟರ್‌ನಂಥವು ಸಿಗುತ್ತವೆ. ಹೆಡ್‌ಲೈಟು, ಬಂಪರ್, ಬಾಗಿಲು, ಸೆನ್ಸರ್ ಅಂದರೆ ಹುಬ್ಬಳ್ಳಿಗೆ ಫೋನ್ ಮಾಡಿ ಕಾಯಬೇಕು. ಸ್ವಿಫ್ಟ್‌ನ ಯಾವ ಭಾಗವೂ ಶಿರಸಿ ಪೇಟೆಯಲ್ಲೇ ಸಿಕ್ಕೀತು. ಒಂದು ವಾರ ಗಾಡಿ ನಿಂತರೆ ನಡೆಯುವುದಿಲ್ಲ ಅನ್ನುವ ಮನೆಯಾದರೆ ನಮ್ಮ ಮೇಲಿನ ಮತವನ್ನು ಪಕ್ಕಕ್ಕಿಡಿ.

ಫಿಗೊದಲ್ಲಿ ಮೊದಲು ಕೇಳಬೇಕಾದದ್ದು ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಎಂಜಿನ್ನಿನ ಲಯಕ್ಕೆ ಆಡಿಸುವ ಬೆಲ್ಟು) ಬದಲಿಸಿದ ಬಿಲ್ಲು. ರಬ್ಬರಿನ ಬೆಲ್ಟು ಕಿಲೋಮೀಟರಿಗಷ್ಟೇ ಅಲ್ಲ, ವಯಸ್ಸಿಗೂ ಒಣಗುತ್ತದೆ. ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಹೆಡ್ ಕೆಲಸವೇ ಬರುತ್ತದೆ. ಬಿಲ್ಲಿಲ್ಲ ಅಂದರೆ ಬದಲಾಗಿಲ್ಲ ಎಂದೇ ಲೆಕ್ಕ. ಬೆಲ್ಟು, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ನಾಲ್ಕನ್ನೂ ಒಟ್ಟಿಗೇ ಹಾಕಿಸಿ. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗುತ್ತದೆ. ಅದೊಂದನ್ನು ಬಿಟ್ಟರೆ ನಾಳೆ ಅದಕ್ಕಾಗಿ ಮತ್ತೆ ಎಲ್ಲ ಬಿಚ್ಚಬೇಕು. ಈ ಖರ್ಚನ್ನು ವರ್ಕ್‌ಶಾಪಿನಲ್ಲಿ ಮೊದಲೇ ಕೇಳಿ, ರೇಟಿನಲ್ಲಿ ಕಳೆಯಿರಿ.

ಆಮೇಲೆ ಇಂಜೆಕ್ಟರುಗಳ ಬುಡ ನೋಡಿ. ಡಾಂಬರಿನಂಥ ಕಪ್ಪು ಮುದ್ದೆ ಕೂತಿದ್ದರೆ, ‘ಚುಸ್ ಚುಸ್’ ಅಂತ ಸದ್ದಿದ್ದರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಅಗ್ಗ. ಆದರೆ ಬಹುಕಾಲ ಸೋರಿದ ಎಂಜಿನ್ನಿನಲ್ಲಿ ಆ ಮಸಿ ಆಯಿಲ್‌ಗೆ ಸೇರಿ ಟರ್ಬೊದ ಆಯಿಲ್ ದಾರಿ ಕಟ್ಟುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಗೊಂಯ್‌ಗುಟ್ಟಿದರೆ ಪವರ್ ಸ್ಟೀರಿಂಗ್ ಆಯಿಲ್ ಮಟ್ಟ, ಹೋಸ್ ಎರಡನ್ನೂ ನೋಡಿ. ಈ ಹೋಸ್ ಮತ್ತು ಹಿಂದಿನ ಎರಡು ಚಕ್ರ ಜೋಡಿಸುವ ಟ್ವಿಸ್ಟ್ ಬೀಮ್ ವಿಷಯಕ್ಕೆ 2012 ಮತ್ತು 2013ರಲ್ಲಿ ಫೋರ್ಡ್ ತಾನೇ ಫಿಗೊ, ಕ್ಲಾಸಿಕ್ ಗಾಡಿಗಳನ್ನು ತಪಾಸಣೆಗೆ ವಾಪಸು ಕರೆದಿತ್ತು. ನಿಮ್ಮ ಗಾಡಿಯ ಕೆಲಸ ಆಗಿದೆಯೇ ಎಂದು ಛಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸಿನಲ್ಲಿ ಕೇಳಬಹುದು. ಏನೇ ಇರಲಿ, ಲಿಫ್ಟಿಗೇರಿಸಿ ಬೀಮಿನ ಬೆಸುಗೆಗಳ ಹತ್ತಿರ ಬಿರುಕು ಹುಡುಕಿ.

ಸ್ವಿಫ್ಟ್‌ನಲ್ಲಿ ಬೆಲ್ಟಿನ ತಲೆಬಿಸಿ ಇಲ್ಲ, ಚೈನಿದೆ. ಆ ಚೈನು ಬದುಕುವುದು ಆಯಿಲ್ ಮೇಲೆ. 10,000 ಕಿ.ಮೀ.ಗೆ ಬದಲಾಗಬೇಕಾದ ಆಯಿಲ್ ಇಪ್ಪತ್ತು ಸಾವಿರಕ್ಕೆ ಹೋದ ಗಾಡಿಗಳಲ್ಲಿ ಚೈನು ಸಡಿಲಾಗಿ ಬೆಳಗಿನ ಮೊದಲ ಸ್ಟಾರ್ಟಿಗೆ ಎರಡು ಮೂರು ಸೆಕೆಂಡ್ ಕರಕರ ಅನ್ನುತ್ತದೆ. ಬಿಸಿ ಎಂಜಿನ್ನಿನಲ್ಲಿ ಆ ಸದ್ದು ಸಿಗುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಿ. ‘ನೀವು ಬರುತ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟೆ’ ಎಂಬ ಉಪಚಾರ ಯಾರಿಗೂ ಬೇಡ.

ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ನಾಲ್ಕು ಜನ ಕೂತು ಓಡಿಸಿ. ಶಿರಸಿ ಪೇಟೆ ಸುತ್ತಿದರೆ ಏನೂ ತಿಳಿಯದು. ಸಮತಟ್ಟಿನಲ್ಲಿ ನಾಲ್ಕನೇ ಗೇರು, 40ರ ವೇಗ, ಪೂರ್ತಿ ಆಕ್ಸಿಲರೇಟರ್. ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರಿನಲ್ಲಿ ಹಿಂದೆ ಬರುವವರಿಂದ ಹೊಗೆ ನೋಡಿಸಿ. ಒಮ್ಮೆ ಕಪ್ಪು ಉಗುಳಿ ನಿಂತರೆ ಚಿಂತೆಯಿಲ್ಲ. ಬಿಡದೆ ಕಪ್ಪು ಬಂದರೆ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವು), ಇಂಜೆಕ್ಟರ್ ಅಥವಾ ಟರ್ಬೊ ಹೋಸಿನ ಸೋರಿಕೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ಅಲ್ಲಿಗೆ ಮಾತು ಮುಗಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬಿಟ್ಟು ಬ್ರೇಕ್ ಕಡಿಮೆ ಮುಟ್ಟಿ. ಆದರೂ ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ನೀರು ಕುಡಿದಿದೆ. ಹೊಸ ಡಾಟ್ 4 ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ಶೇಕಡಾ 3.7ರಷ್ಟು ನೀರು ಹೀರಿದರೆ ಅದು 155ಕ್ಕೆ ಇಳಿಯಬಹುದು. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಗಾಡಿ ಎಷ್ಟೇ ಕಡಿಮೆ ಓಡಿರಲಿ.

ಪ್ರಶ್ನೆ: 2009ರ ಸ್ವಿಫ್ಟ್ ಪೆಟ್ರೋಲ್ 1.3 ಮತ್ತು 2011ರ ಮೊದಲ ಭಾಗದ 1.2 ಎರಡೂ ಕಾರವಾರದಲ್ಲಿ ಮಾರಾಟಕ್ಕಿವೆ. ನೋಡಲು ಒಂದೇ. ಎಂಜಿನ್ ದೊಡ್ಡದು ಅಂದಮೇಲೆ 1.3 ಜೋರಲ್ಲವೇ?

ಉತ್ತರ: ಹೆಸರಿಗೆ ಮಾತ್ರ. 1.3ರದು 87 ಪಿಎಸ್, 1.2ರದು 85. ಟಾರ್ಕ್ ಎರಡಕ್ಕೂ 113 ಎನ್‌ಎಂ, ಅದೂ ಒಂದೇ 4,500 ಆರ್‌ಪಿಎಂಗೆ. 2010ರಲ್ಲಿ ಮಾರುತಿ ಎಂಜಿನ್ ಸಣ್ಣದು ಮಾಡಿದ್ದಕ್ಕೆ ಬಿಎಸ್4 ಹೊಗೆ ನಿಯಮ ಒಂದು ಕಾರಣ, ತೆರಿಗೆ ಇನ್ನೊಂದು. ನಾಲ್ಕು ಮೀಟರಿನೊಳಗಿನ ಪೆಟ್ರೋಲ್ ಗಾಡಿ 1,200 ಸಿಸಿ ಮೀರದಿದ್ದರೆ ಅಬಕಾರಿ ಸುಂಕ ಕಡಿಮೆ ಇತ್ತು. ಹಾಗಾಗಿ 1,298 ಸಿಸಿ ಹೋಗಿ 1,197 ಬಂತು.

ಓಡಿಸುವಾಗಿನ ವ್ಯತ್ಯಾಸ ಬೇರೆ ಕಡೆ ಇದೆ. 1.2 ಹಗುರ, ಮುಕ್ತವಾಗಿ ಸುತ್ತುತ್ತದೆ, ಮೈಲೇಜೂ ಮೇಲು. 1.3ಕ್ಕೆ ಟೈಮಿಂಗ್ ಬೆಲ್ಟು, 1.2ಕ್ಕೆ ಚೈನು. ತಿರುವಿನ ಹಿಡಿತದಲ್ಲಿ ವ್ಯತ್ಯಾಸ ಕಂಡರೆ ಅದು ಬುಷ್, ಶಾಕಪ್, ಟೈರುಗಳದ್ದೇ, ಬಾಡಿ ಒಂದೇ. ಟೈರಿನ ಪಕ್ಕ ಮೂಡಿರುವ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ. ಹಲ್ಲು ಎಷ್ಟೇ ಉಳಿದಿರಲಿ, ಆರೇಳು ವರ್ಷ ದಾಟಿದ ರಬ್ಬರ್ ಒದ್ದೆ ರಸ್ತೆಯಲ್ಲಿ ಗಟ್ಟಿ ಹಲಗೆಯ ಹಾಗೆ.

ನಾವಾದರೆ 2011ರದನ್ನೇ ನೋಡುತ್ತೇವೆ, ಎಂಜಿನ್ನಿಗಿಂತ ಹೆಚ್ಚಾಗಿ ಕಾಗದಪತ್ರಕ್ಕಾಗಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2009ರ ಗಾಡಿಯ ಆರ್‌ಸಿ ನವೀಕರಣ ಆಗಿರದಿದ್ದರೆ ಆ ತಾಪತ್ರಯ ನಿಮ್ಮ ತಲೆಗೆ. ನಮೂನೆ 25, ಗಾಡಿಯ ತಪಾಸಣೆ, 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಶುಲ್ಕ. ಸಿಗುವುದು ಐದೇ ವರ್ಷ. 2011ರದಕ್ಕೂ ಇದು ತಪ್ಪಿದ್ದಲ್ಲ, ಆರ್‌ಸಿಯಲ್ಲಿ ತಾರೀಕು ನೋಡಿಕೊಂಡೇ ರೇಟು ಮಾತಾಡಿ. ಎರಡೂ ಇ20 (ಶೇಕಡಾ 20 ಎಥೆನಾಲ್ ಬೆರೆತ) ಪೆಟ್ರೋಲ್‌ಗಾಗಿ ಮಾಡಿದ ಗಾಡಿಗಳಲ್ಲ. ಇಂಧನದ ರಬ್ಬರ್ ಹೋಸುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕಿದ್ದರೆ, ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಮೊದಲ ಕೆಲಸ ಅದೇ.

ಪ್ರಶ್ನೆ: ಅಂಕೋಲಾದಿಂದ. ಕೊಳ್ಳಬೇಕೆಂದಿರುವ ಎರಡು ಗಾಡಿಯಲ್ಲಿ ಒಂದು ಎಡಕ್ಕೆ ಎಳೆಯುತ್ತದೆ, ಇನ್ನೊಂದು 80 ದಾಟಿದರೆ ನಡುಗುತ್ತದೆ. ಇಬ್ಬರೂ ‘ಅಲೈನ್‌ಮೆಂಟ್ ಮಾಡಿಸಿದರೆ ಸರಿ’ ಅನ್ನುತ್ತಾರೆ. ನಿಜವೇ?

ಉತ್ತರ: ಮಾರುವವರ ಬಾಯಲ್ಲಿ ಅಲೈನ್‌ಮೆಂಟ್ ಸರ್ವರೋಗಕ್ಕೂ ಮದ್ದು. ನಡುಕ ಅಲೈನ್‌ಮೆಂಟಿನ ದೋಷವೇ ಅಲ್ಲ. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ಅಥವಾ ಸೊಟ್ಟ ರಿಮ್ಮು, ಸೀಟು ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಬಾಗಿದೆ. ಅರಬೈಲ್ ಘಟ್ಟ ಇಳಿದು ಬರುವ ಗಾಡಿಗಳಲ್ಲಿ ಬಿಸಿ ಡಿಸ್ಕಿಗೆ ನೀರು ಬಿದ್ದು ಹೀಗಾಗುವುದುಂಟು.

ಎಳೆತಕ್ಕೆ ಮೊದಲು ಗಾಳಿ ಸಮ ಮಾಡಿ. ಆಮೇಲೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದು. ಬದಲಾಗದಿದ್ದರೆ ಹತ್ತು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆಯದು ಮಾತ್ರ ಝಳ ಹೊಡೆಯುತ್ತಿದ್ದರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮುವ ಭಾಗ) ಹಿಡಿದುಕೊಂಡಿದೆ. ಕಡಲ ದಂಡೆಯ ಗಾಡಿಗಳಲ್ಲಿ ಕ್ಯಾಲಿಪರ್ ಪಿನ್ನು ತುಕ್ಕು ಹಿಡಿಯುವುದು ತೀರಾ ಸಾಮಾನ್ಯ. ಪಿನ್ ಬಿಚ್ಚಿ ತೊಳೆದು, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟು ಬದಲಿಸಿದರೆ ಸರಿಹೋಗುತ್ತದೆ. ಪಿಸ್ಟನ್ನೇ ತುಕ್ಕಾಗಿದ್ದರೆ ಕ್ಯಾಲಿಪರ್ ಬೇಕು.

ಇವೆಲ್ಲ ಅಲ್ಲದಿದ್ದರೆ ಆಗ ಅಲೈನ್‌ಮೆಂಟ್. ಮಾಡಿಸಿದವರಿಂದ ಮಷಿನ್ನಿನ ಪ್ರಿಂಟು ಕೇಳಿ, ಮುಂದಿನ ಅಂಕಿ ಬಿಟ್ಟು ಹಿಂದಿನ ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಓದಿ. ಇಂಥ ಸಣ್ಣ ಕಾರುಗಳಲ್ಲಿ ಹಿಂದಿನ ಬೀಮು ಒಂದೇ ತುಂಡು, ಅಲ್ಲಿ ತಿರುಗಿಸುವ ಬೋಲ್ಟೇ ಇರುವುದಿಲ್ಲ. ಎಡ ಬಲ ಅಂಕಿ ತೀರಾ ಬೇರೆ ಬೇರೆ ಇದ್ದರೆ ಬೀಮು ಬಾಗಿದೆ. ಚರಂಡಿಗೆ ಇಳಿದದ್ದೋ ಧರೆಗೆ ಗುದ್ದಿದ್ದೋ, ಏನೋ ಆಗಿದೆ.

ಸದ್ದುಗಳೂ ಬೇಗ ಸುಳಿವು ಕೊಡುತ್ತವೆ. ಸಣ್ಣ ಗುಂಡಿಯಲ್ಲಿ ‘ಟಕ್ ಟಕ್’ ಅಂದರೆ ಲಿಂಕ್ ರಾಡ್, ಅಗ್ಗ. ಬ್ರೇಕ್ ಹಾಕಿದಾಗ, ಬಿಟ್ಟಾಗ ಒಂದೊಂದು ‘ಧಡ್’ ಅಂದರೆ ಲೋವರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಂಯ್’ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್. ಪೂರ್ತಿ ತಿರುಗಿಸಿ ಓಡಿಸುವಾಗ ‘ಕಟ ಕಟ’ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟು. ಶಾಕಪ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು ಒಂದು ಹಳೆಯದು ಇಟ್ಟುಕೊಂಡು ಘಟ್ಟಕ್ಕೆ ಹೋದರೆ ಎಡ ತಿರುವಿಗೊಂದು ಗಾಡಿ, ಬಲ ತಿರುವಿಗೊಂದು ಗಾಡಿ ಆಗುತ್ತದೆ.

ಪ್ರಶ್ನೆ: ಕಾರವಾರದ ಗಾಡಿ ತಗೊಳ್ಳಬೇಡಿ, ತುಕ್ಕು ಅನ್ನುತ್ತಾರೆ. ಸಿದ್ದಾಪುರದ ಗಾಡಿಯೇ ವಾಸಿಯೇ?

ಉತ್ತರ: ಊರು ನೋಡಿ ತೀರ್ಮಾನಿಸಬೇಡಿ. ಕಡಲಿಗೆ ಮುಖ ಮಾಡಿ ಬಯಲಲ್ಲಿ ನಿಂತ ಗಾಡಿಗೂ ಶೆಡ್ಡಿನಲ್ಲಿ ನಿಂತದ್ದಕ್ಕೂ ಅಜಗಜಾಂತರ. ಘಟ್ಟದ ಮೇಲಿನ ಗಾಡಿಗೆ ಉಪ್ಪುಗಾಳಿ ಇಲ್ಲ. ಆದರೆ ನಾಲ್ಕು ತಿಂಗಳು ಮಣ್ಣು ರಸ್ತೆಯ ಕೆಸರು ತಳಕ್ಕೆ ಮೆತ್ತಿಕೊಂಡೇ ಇರುತ್ತದೆ. ಎಲ್ಲೇ ಆಗಲಿ ಸ್ಟೆಪ್ನಿ ಎತ್ತಿ ಅದರ ಗುಳಿ ನೋಡಿ, ಬಾಗಿಲ ಕೆಳಗಿನ ಅಂಚಿಗೆ ಬೆರಳಾಡಿಸಿ, ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಹಿಂದಕ್ಕೆ ಹೋಗುವ ಬ್ರೇಕ್ ಪೈಪನ್ನು ಮರೆಯಬೇಡಿ, ಬಾಡಿ ತುಕ್ಕು ಹಣದ ಪ್ರಶ್ನೆ, ಅದು ಜೀವದ್ದು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ಇದೆ. ಫ್ಯೂಸ್ ಬಾಕ್ಸಿನಲ್ಲಿ, ಹೆಡ್‌ಲೈಟಿನ ಸಾಕೆಟ್‌ನಲ್ಲಿ ಹಸಿರು ಕಿಲುಬು ಕಂಡರೆ ಮುಂದೆ ವೈರಿಂಗ್ ಕಾಟ ಖಂಡಿತ. ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದು ತಂದ ಹಳೆಯ ಗಾಡಿಯನ್ನು ನಾವಂತೂ ಅನುಮಾನದಿಂದಲೇ ನೋಡುತ್ತೇವೆ.

ಪ್ರಶ್ನೆ: ಗೋವಾದ ಗಾಡಿ ಕಾರವಾರದಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಾಗೇ ಓಡಿಸಬಹುದೇ?

ಉತ್ತರ: ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಗೋವಾ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಸಾಲ ಇದ್ದರೆ ಬ್ಯಾಂಕಿನ ಸಹಿ ಇರುವ ನಮೂನೆ 35, ಮಾಲೀಕತ್ವಕ್ಕೆ 29 ಮತ್ತು 30, ಇಲ್ಲಿ ನಮೂನೆ 27. ಇದೆಲ್ಲಕ್ಕಿಂತ ಭಾರದ್ದು ಕರ್ನಾಟಕದ ಜೀವಿತಾವಧಿ ತೆರಿಗೆ, ಗಾಡಿಯ ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ಮುಂಗಡ ಕೊಡುವ ಮೊದಲೇ ಕಾರವಾರದ ಆರ್‌ಟಿಒದಲ್ಲಿ ಆರ್‌ಸಿ ನಕಲು ತೋರಿಸಿ ಮೊತ್ತ ಬರೆಸಿಕೊಳ್ಳಿ. ಅದನ್ನು ಕೂಡಿಸಿದ ಮೇಲೂ ಅಗ್ಗವೇ ಇದ್ದರೆ, ಕಾರವಾರದ ಕೆಎ 30 ನಂಬರಿನ ಗಾಡಿಗಳ ಜೊತೆಗೆ ಅದನ್ನೂ ಹೋಲಿಸಿ ನೋಡಬಹುದು.